ಕೋಳಿ ಮುಚ್ಚುವ ಬುಟ್ಟಿ

ನಾನು ಶಾಲೆ ಬಿಟ್ಟದ್ದು 1961ರಲ್ಲಿ, ಐದನೆಯ ಇಯತ್ತೆಗೆ. ಅದೇ ವರ್ಷ ದಾಂಡೇಲಿಯ ನಮ್ಮ ಓಣಿಗೆ ಸಿಡುಬಿನ ಲಸಿಕೆ ಹಾಕುವವರು ಬಂದರು. ಶಾಲೆಯಲ್ಲಿ ನನಗೆ ಹಾಕಿದಾಗ ತೋಳು ಬಾತು ಮೂರು ದಿನ ಜ್ವರ ಬಂದಿತ್ತು.

"ಚುಚ್ಚಿಸಿದರ ದೇವಿ ಸಿಟ್ಟಾಗ್ತಾಳ. ತಂಗೀನ ಬಚ್ಚಿಡೋ," ಎಂದಳು ಅಜ್ಜಿ. ನಾಲ್ಕು ವರ್ಷದ ಗಂಗಿಯನ್ನು ಹಿತ್ತಲಲ್ಲಿ ಕೂರಿಸಿ, ಕೋಳಿ ಮುಚ್ಚುವ ದೊಡ್ಡ ಬಿದಿರು ಬುಟ್ಟಿಯನ್ನು ಅವಳ ಮೇಲೆ ಬೋರಲು ಹಾಕಿದೆ.

"ಅಣ್ಣಾ, ನಾ ಕೋಳಿ ಏನು?" ಎಂದು ಒಳಗಿನಿಂದ ನಕ್ಕಳು.

"ಗಪ್ ಕೂಡು. ಚುಚ್ಚತಾರ."

ಬಂದವರು ಕೇಳಿದರು: "ಮನ್ಯಾಗ ಸಣ್ಣ ಹುಡುಗ್ರು ಅದಾರೇನೋ?"

"ನಾನೊಬ್ಬನ ರೀ," ಎಂದು ತೋಳಿನ ಕಲೆ ತೋರಿಸಿದೆ.

ಅವರು ಹೋದ ಮೇಲೆ ಅಜ್ಜಿ ಬೆಲ್ಲ ಕೊಟ್ಟಳು. "ನನ್ನ ಮೊಮ್ಮಗ ಹುಲಿ!" ಗಂಗಿಗೆ ಅರ್ಧ ಕೊಟ್ಟೆ.

ಮಳೆಗಾಲಕ್ಕೆ ಮೊದಲೇ ಗಂಗಿಗೆ ಸಿಡುಬು ಎದ್ದಿತು. ಒಂಬತ್ತನೆಯ ದಿನ ಹೋದಳು. "ದೇವಿ ಕರಕೊಂಡ್ಲು," ಎಂದಳು ಅಜ್ಜಿ. ನಾನೂ ಹನ್ನೆರಡು ವರ್ಷ ಅದನ್ನೇ ಹೇಳಿಕೊಂಡು ಬಂದೆ. ಮಗ ಹುಟ್ಟಿದ ವರ್ಷ ಆ ಮಾತು ಬಿಟ್ಟೆ. ಲಸಿಕೆಯವನನ್ನು ನಾನೇ ಮನೆಗೆ ಕರೆತಂದೆ.

ಈಗಲೂ ಸಂತೆಯಲ್ಲಿ ಹಸಿ ಬಿದಿರಿನ ವಾಸನೆ ಬಂದರೆ ಆ ನಗು ಕೇಳುತ್ತದೆ. ನನಗಿರುವುದು ಇಷ್ಟು: ದುಡಿದು ಕಟ್ಟಿದ ಎರಡು ಕೋಣೆಯ ಮನೆ, ಮೂರು ಮಕ್ಕಳು, ಮೂವರ ತೋಳಿನಲ್ಲೂ ಒಂದೊಂದು ಕಲೆ. ಹಿತ್ತಲಲ್ಲಿ ಆರು ಕೋಳಿ. ಬುಟ್ಟಿ ಮಾತ್ರ ಒಂದೂ ಇಲ್ಲ.