ತಕ್ಕಡಿಯ ಮೇಲಿನ ಗಂಟು

ಪಾರ್ಸೆಲ್ಲಿನ ಮೇಲೆ ಕೆಂಪು ಅರಗಿನ ಮುದ್ರೆ ಕಂಡರೆ ಇಂದಿಗೂ ನನ್ನ ನಾಲಿಗೆ ಒಣಗುತ್ತದೆ.

ಅಜ್ಜ ಹಳ್ಳಿಯ ಪೋಸ್ಟ್‌ಮನ್ ಆಗಿದ್ದ. ಟಪಾಲು ಹಂಚುವ ದಾರಿಯಲ್ಲಿ ಕಟ್ಟಿದ ಪದಗಳನ್ನು ಹಳೆಯ ಮನಿಆರ್ಡರ್ ಫಾರ್ಮುಗಳ ಹಿಂದೆ ಬರೆದು, ಗಂಟು ಕಟ್ಟಿ, ಅಂಚೆಯವರ ರೂಢಿಯಂತೆ ಅರಗಿನ ಮುದ್ರೆ ಒತ್ತಿ, ಮರಾಠಿ ಸೀಮೆಯ ವಿಠ್ಠಲವಾಡಿಯಲ್ಲಿದ್ದ ನಮ್ಮ ಚಾಳಿನ ಮನೆಗೆ ತಂದಿದ್ದ. ಒಂದು ಬೆಳಿಗ್ಗೆ, ಐಸ್ ಗೋಲಾ ತಿನ್ನುವ ಆಸೆಗೆ ಆ ಗಂಟನ್ನು ನಾನು ಯಾರಿಗೂ ಹೇಳದೆ ರದ್ದಿ ಅಂಗಡಿಗೆ ಹಾಕಿದೆ.

ಮಧ್ಯಾಹ್ನ ಗಂಟು ಕಾಣದೆ, ಮನೆಯ ರದ್ದಿಯೊಂದಿಗೆ ಹೋಗಿರಬೇಕೆಂದು ಅಜ್ಜ ಬರಿಗಾಲಲ್ಲೇ ಅಲ್ಲಿಗೆ ಓಡಿದ. ಅವನಿಗೆ ಮರಾಠಿ ಬಾರದು, ಕಣ್ಣೂ ಮಂಜು. ಮಾತಿಗೆಂದು ನನ್ನನ್ನು ಎಳೆದುಕೊಂಡು ಹೋದ.

“ಕೇಳವ್ವಾ, ಮೂವತ್ತು ವರ್ಷದ ಪದ ಅದಾವ. ಒಂದೂ ಬಾಯಾಗ ಉಳದಿಲ್ಲ. ಕಾಲಿಗೆ ಬೀಳ್ತೀನಂತ ಹೇಳು.”

ನಾನು ಕೇಳಿದೆ. ಅಂಗಡಿಯವನು ನಕ್ಕು ಮರಾಠಿಯಲ್ಲಿ, “ನೀನೇ ತಂದುಕೊಟ್ಟೆಯಲ್ಲ? ಅಲ್ಲೇ ಇದೆ, ತಗೊಂಡು ಹೋಗು” ಎಂದ. ಗಂಟು ಅವನ ಹಿಂದಿನ ತಕ್ಕಡಿಯ ಮೇಲೆ ಇತ್ತು, ಮುದ್ರೆಯೂ ಒಡೆದಿರಲಿಲ್ಲ.

“ಏನಂತಾನ?”

ಗಂಟು ಸಿಕ್ಕರೆ ಅದನ್ನು ಮಾರಿದವಳು ನಾನೆಂಬುದೂ ಮನೆಗೆ ತಿಳಿಯುತ್ತಿತ್ತು; ಅಪ್ಪನ ಬೆಲ್ಟು ಕಣ್ಣ ಮುಂದೆ ಬಂತು.

“ಲಾರಿಗೆ ಹಾಕಿ ಕಳಿಸ್ಯಾನಂತ, ಅಜ್ಜಾ.”

ಅಜ್ಜ ಅಂಗಡಿಯವನಿಗೆ ಕೈಮುಗಿದು, ಹೆಗಲ ಮೇಲಿನ ವಲ್ಲಿಯನ್ನು ನನ್ನ ತಲೆಗೆ ಹೊದಿಸಿದ.

“ನಡಿಯವ್ವಾ, ನಿನಗ ಬಿಸಲು ಬಡೀತೈತಿ.”