ಬುಧವಾರ ಹನ್ನೊಂದು ಗಂಟೆ

ಪಾಸ್‌ವರ್ಡ್ ತಪ್ಪು ಎಂದಿತು ಫೋನು. ಮೂರನೇ ಸಲ.

ನರ್ಸ್ ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕುಳಿತು ಒಂದೊಂದೇ ಅಕ್ಷರವನ್ನು ಒತ್ತಿ ನೋಡಿದಳು. ತಪ್ಪಲು ಸಾಧ್ಯವೇ ಇರಲಿಲ್ಲ. ಬ್ಲಾಗು ಅವಳದು. ಪಾಸ್‌ವರ್ಡ್ ಇಟ್ಟವಳೂ ಅವಳೇ. ಅವಳನ್ನು ಬಿಟ್ಟರೆ ಅದು ಗೊತ್ತಿದ್ದದ್ದು ಒಬ್ಬಳಿಗೆ ಮಾತ್ರ. ದಾಖಲೆ ವಿಭಾಗದ ಅಕ್ಕನಿಗೆ.

ಆಸ್ಪತ್ರೆಗೆಲ್ಲ ಅವಳು ಅಕ್ಕನೇ. ಹದಿನೆಂಟು ವರ್ಷದಿಂದ ರೋಗಿಗಳ ಕಡತಗಳ ನಡುವೆ ಕುಳಿತು, ಕನ್ನಡಕದ ಮೇಲಿನಿಂದ ಜನರನ್ನು ಅಳೆಯುವವಳು. ನರ್ಸ್ ಕೆಲಸಕ್ಕೆ ಸೇರಿದ ಮೊದಲ ವಾರ ಬಿಕ್ಕಿಬಿಕ್ಕಿ ಅತ್ತಾಗ ಬೆನ್ನು ಸವರಿದವಳು ಅವಳೊಬ್ಬಳೇ. ಆ ಸಲಿಗೆಯಿಂದಲೇ ಬ್ಲಾಗಿನ ಗುಟ್ಟು ಅವಳ ಕಿವಿಗೆ ಬಿದ್ದದ್ದು.

ಗುಟ್ಟು ಸಣ್ಣದೇನಲ್ಲ. ಒಮ್ಮೆ ಬಳಸಿ ಎಸೆಯಬೇಕಾದ ಕೊಳವೆಗಳನ್ನು ಈ ಆಸ್ಪತ್ರೆಯಲ್ಲಿ ತೊಳೆದು, ಹೊಸ ಪೊಟ್ಟಣಕ್ಕೆ ತುಂಬಿ, ಇನ್ನೊಬ್ಬ ರೋಗಿಗೆ ಹಾಕುತ್ತಿದ್ದರು. ಆಪರೇಷನ್ ಕೋಣೆಯಲ್ಲಿ ವೈದ್ಯರ ಕೈಗೆ ಕತ್ತರಿ, ಚಿಮುಟ ಕೊಡುವ ನರ್ಸ್ ಅದನ್ನು ಕಣ್ಣಾರೆ ಕಂಡಿದ್ದಳು. ದೂರು ಬರೆದುಕೊಟ್ಟಳು. 'ನಿಮ್ಮ ಕೆಲಸ ನೀವು ನೋಡ್ಕೊಳ್ಳಿ' ಎಂದರು. ಆಮೇಲೆಯೇ ಹೆಸರು ಹಾಕದೆ ಬ್ಲಾಗು ಶುರುಮಾಡಿದ್ದು. ಸಿಟ್ಟು ಬಂದ ದಿನ ಬರೆದಳು, ಪುರುಸೊತ್ತಾದಾಗ ಬರೆದಳು. ಒಂದು ವಾರ ಮೂರು ಬರಹ; ಮುಂದೆ ಎರಡು ತಿಂಗಳು ಸದ್ದೇ ಇಲ್ಲ.

"ಹೀಗೆ ಬರೆದರೆ ಯಾರೇ ಓದ್ತಾರೆ?" ಎಂದಿದ್ದಳು ಅಕ್ಕ. "ಬಸ್ಸಿಗೂ ಒಂದು ಹೊತ್ತು ಅಂತಿರುತ್ತೆ. ವಾರಕ್ಕೊಂದು ಬರಹ, ಅದೇ ದಿನ, ಅದೇ ಗಂಟೆ. ಎಲ್ಲಿ, ನಿನ್ನ ಡ್ಯೂಟಿ ಪಟ್ಟಿ ಕೊಡು."

ಪಟ್ಟಿಯನ್ನು ಬಹಳ ಹೊತ್ತು ನೋಡಿ, ಬುಧವಾರ ಬೆಳಿಗ್ಗೆ ಹನ್ನೊಂದು ಎಂದಳು.

"ಬುಧವಾರ ಒಂಬತ್ತರಿಂದ ಒಂದರ ತನಕ ನನಗೆ ಆಪರೇಷನ್ ಅಲ್ವಾ ಅಕ್ಕಾ? ಫೋನು ಬೀರುವಿನಲ್ಲಿ ಇಟ್ಟು ಹೋಗಬೇಕು."

"ಗೊತ್ತು ಕಣೇ. ನೀನು ಬರೆದುಕೊಡು, ಸಾಕು. ಹಾಕೋದು ನನಗಿರಲಿ."

ವ್ಯವಸ್ಥೆ ಫಲ ಕೊಟ್ಟಿತು. ನೂರು ಓದುಗರಿದ್ದಲ್ಲಿ ಮೂರೇ ತಿಂಗಳಿಗೆ ಹತ್ತು ಸಾವಿರ. ಬುಧವಾರ ಹನ್ನೊಂದಾಯಿತೆಂದರೆ ಜನ ಕಾದು ಕುಳಿತಿರುತ್ತಿದ್ದರು.

ಆದರೆ ನರ್ಸ್‌ಗೆ ಒಂದೊಂದೇ ವಿಷಯ ಚುಚ್ಚತೊಡಗಿತು. 'ನಾನು ಕಂಡೆ' ಎಂದು ಅವಳು ಬರೆದದ್ದು 'ಹೀಗೆ ಕೇಳಿದ್ದೇನೆ' ಎಂದಾಗುತ್ತಿತ್ತು. ಆಪರೇಷನ್ ಕೋಣೆಯ ಸಣ್ಣ ವಿವರಗಳೆಲ್ಲ ಮಾಯವಾಗಿ, ಅಕ್ಕನ ಧಾಟಿಯ ಮಾತುಗಳು ಬಂದು ಕೂರುತ್ತಿದ್ದವು. ಅಕ್ಕನೇ ಹೇಳಿದ್ದಂತೆ, ಅವಳು ಆ ಹೊತ್ತು ತನ್ನ ಮೇಜು ಬಿಟ್ಟು, ರಿಸೆಪ್ಷನ್ನಿನಲ್ಲಿ ಎಲ್ಲರೂ ಬಳಸುವ ಕಂಪ್ಯೂಟರಿನ ಮುಂದೆ ಹನ್ನೆರಡರವರೆಗೂ ಕುಳಿತು, ಓದುಗರಿಗೆ ಆಗಿಂದಾಗಲೇ ಉತ್ತರ ಬರೆಯುತ್ತಿದ್ದಳು. 'ನಿಮ್ಮ ಧೈರ್ಯಕ್ಕೆ ಕೈ ಮುಗಿಯುತ್ತೇನೆ' ಎಂದರು ಯಾರೋ. 'ನಿಮ್ಮಂಥವರಿಂದಲೇ ಈ ಧೈರ್ಯ' ಎಂದು ಅಕ್ಕನ ಉತ್ತರ. ತಾನೇ ಬರೆದವಳ ಹಾಗೆ!

ಈಗ ಪಾಸ್‌ವರ್ಡ್ ಕೂಡ ಹೋಯಿತು.

ನರ್ಸ್ ದಾಪುಗಾಲು ಹಾಕಿಕೊಂಡು ದಾಖಲೆ ವಿಭಾಗಕ್ಕೆ ಹೋದಳು. "ನೀವೇ ಬದಲಾಯಿಸಿದ್ರಾ ಅಕ್ಕಾ?"

ಅಕ್ಕ ಕಡತದಿಂದ ತಲೆ ಎತ್ತಲಿಲ್ಲ. "ಹೂಂ. ಸ್ವಲ್ಪ ದಿನ ಅದನ್ನ ಮರೆತುಬಿಡು. ನಿನಗೆ ಗೊತ್ತಿಲ್ಲದಷ್ಟೂ ಒಳ್ಳೇದು."

"ಯಾರಿಗೆ ಒಳ್ಳೇದು?"

"ಇಲ್ಲಿ ನಿಂತು ಮಾತಾಡಬೇಡ. ಹೋಗು."

ಹದಿನೆಂಟು ವರ್ಷ ಕಡತ ಕಾದವಳಿಗೆ ಹೆಸರಿನ ಹಸಿವು ಹುಟ್ಟಿದೆ ಎಂದುಕೊಂಡಳು ನರ್ಸ್. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಮರುದಿನ ಮಧ್ಯಾಹ್ನ ಮೆಟ್ಟಿಲು ಹತ್ತುವಾಗ, ಆಡಳಿತಾಧಿಕಾರಿಯ ಕೋಣೆಯಿಂದ ಅಕ್ಕ ಹೊರಬರುವುದು ಕಾಣಿಸಿತು. ಕಂಕುಳಲ್ಲಿ ದಪ್ಪನೆಯ ರಿಜಿಸ್ಟರು. ಕಂಡೂ ಕಾಣದವಳಂತೆ ಮುಖ ತಿರುಗಿಸಿ, ಗೋಡೆಯ ಬದಿಗೆ ಸರಿದು ಇಳಿದುಹೋದಳು. ಬೆನ್ನಿಗೇ ಜವಾನ ಬಂದ. "ಸಿಸ್ಟರ್, ಸಾಹೇಬ್ರು ಕರೀತಿದಾರೆ."

ಮೇಜಿನ ಮೇಲೆ ಬ್ಲಾಗಿನ ಬರಹಗಳ ಪ್ರತಿಗಳು ಹರಡಿದ್ದವು. ಆಡಳಿತಾಧಿಕಾರಿ ಕುರ್ಚಿ ತೋರಿಸಿದ.

"ಈಗ ತಾನೇ ಅವರು ಬಂದಿದ್ರು," ಎಂದ ನಯವಾಗಿ. "ನಿಮ್ಮ ವಿಷಯಾನೇ ಒಂದು ಗಂಟೆ ಮಾತಾಡಿದ್ರು."

ನರ್ಸ್ ಕುರ್ಚಿಯ ತುದಿಗೆ ಕುಳಿತಳು. ಮಗುವಿನ ಜ್ವರ, ಗಂಡನ ಮುನಿಸು, ಕೆಲಸ ಹೋದರೆ ಗತಿಯೇನೆಂಬ ಅಳು, ಎಲ್ಲವನ್ನೂ ಆ ಹೆಂಗಸಿನ ಮುಂದೆ ಸುರಿದಿದ್ದಳು. ನಂಬಿಸಿ ಕುತ್ತಿಗೆ ಕೊಯ್ದಿದ್ದಳು ಅಕ್ಕ.

"ಇದನ್ನ ಬರೆಯೋದು ಯಾರು ಅಂತ ನಿಮಗೇನಾದ್ರೂ ಗೊತ್ತಾ?" ಆಡಳಿತಾಧಿಕಾರಿ ಕೇಳಿದ.

"ಅಕ್ಕ," ಎಂದಳು ನರ್ಸ್. "ಬುಧವಾರ ಹನ್ನೊಂದಕ್ಕೆ ರಿಸೆಪ್ಷನ್ ಕಂಪ್ಯೂಟರಿಂದ ಹಾಕೋದು ಅವರೇ. ಉತ್ತರ ಬರೆಯೋದೂ ಅವರೇ. ಪಾಸ್‌ವರ್ಡ್ ಇರೋದು ಅವರೊಬ್ಬರ ಹತ್ರ."

ಒಂದು ಮಾತೂ ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆತ ಬಿಳಿ ಹಾಳೆ ಮುಂದಿಟ್ಟ. ಹೇಳಿದ್ದನ್ನೆಲ್ಲ ಬರೆದು ಸಹಿ ಮಾಡಿದಳು. ಎದೆಯ ಉರಿ ಸ್ವಲ್ಪ ಆರಿದಂತಾಯಿತು.

ಆತ ಹಾಳೆಯನ್ನು ಎರಡು ಸಲ ಓದಿ, ಡ್ರಾಯರಿನಲ್ಲಿಟ್ಟು ಬೀಗ ಹಾಕಿದ.

"ನಿಜ ಹೇಳ್ತೀನಿ, ನಮಗೆ ಅನುಮಾನ ಇದ್ದದ್ದು ನಿಮ್ಮ ಮೇಲೆ. ದೂರು ಕೊಟ್ಟವರು ನೀವೊಬ್ಬರೇ ತಾನೇ? ನಿಮ್ಮನ್ನ ಕೆಲಸದಿಂದ ತೆಗೆಯೋ ಪತ್ರ ಸಿದ್ಧವಾಗಿತ್ತು. ಆ ಯಮ್ಮ ಆಪರೇಷನ್ ರಿಜಿಸ್ಟರ್ ತಂದು ನನ್ನ ಮುಂದೆ ಹಿಡಿದ್ರು. ಪ್ರತಿ ಬುಧವಾರ ಆ ಹೊತ್ತಿಗೆ ನೀವು ಆರು ಜನರ ಕಣ್ಣೆದುರು ಆಪರೇಷನ್ ಕೋಣೇಲಿ ಇದ್ರಿ, ಒಂದು ವಾರಾನೂ ತಪ್ಪಿಲ್ಲ, ಬರೆದದ್ದು ನೀವಾಗಿರೋಕೆ ಸಾಧ್ಯವೇ ಇಲ್ಲ ಅಂತ ಪಟ್ಟು ಹಿಡಿದ್ರು. ಬರಹ ಹೋಗ್ತಿರೋದು ರಿಸೆಪ್ಷನ್ ಕಂಪ್ಯೂಟರಿಂದ ಅಂತ ಮೊದಲೇ ಪತ್ತೆ ಮಾಡಿಸಿದ್ವಿ, ಆದ್ರೆ ಅದನ್ನ ಇಪ್ಪತ್ತು ಜನ ಮುಟ್ತಾರೆ, ಇನ್ಯಾರನ್ನ ಹಿಡಿಯೋದು? ಪತ್ರ ಹರಿದುಹಾಕಿದೆ."

ಆತ ಎದ್ದು ಬಾಗಿಲು ತೆರೆದು ಹಿಡಿದ.

"ವಿಚಾರಣೆ ಮುಗೀತು, ನಿಶ್ಚಿಂತೆಯಾಗಿರಿ ಅಂತ ಹೇಳೋಕೇ ನಿಮ್ಮನ್ನ ಕರೆಸಿದ್ದು, ಆ ಪ್ರಶ್ನೆ ಸುಮ್ಮನೆ ಕೇಳಿ ನೋಡಿದೆ, ಅಷ್ಟೇ."