ಬುರುಡೆಯ ಮೇಲೊಂದು ಕಾಳು

“ಸಾವು!” ಎಂದು ಕೂಗಿ ಬೆತೋ ಮಾಮ ಕಾರ್ಡು ಎತ್ತಿ ಹಿಡಿದದ್ದೇ, ಮೆಕ್ಸಿಕೋದ ಪುಯೆಬ್ಲಾ ಊರಿನ ಆ ವಠಾರದವರೆಲ್ಲ ಕತ್ತು ಚಾಚಿ ನೋಡಿದರು. ಕಾರ್ಡಿನಲ್ಲಿದ್ದ ಅಸ್ಥಿಪಂಜರ ಮೆಕ್ಕೆಜೋಳದ ತಮಾಲೆ ಕಡುಬು ಮಾರುವ ಚೆಲಾ ಅಜ್ಜಿಯದೇ: ಅದೇ ಬಿಳಿ ಜಡೆ, ಅದೇ ಗುಲಾಬಿ ಏಪ್ರನ್, ಸೊಂಟದ ಮೇಲೆ ಅದೇ ಕೈ.

ಕೂಗಿದ ಚಿತ್ರದ ಮೇಲೆ ಕಾಳಿಟ್ಟು ಸಾಲು ತುಂಬಿಸುವ ಲೊತೆರಿಯಾ ಆಟದ ಚಿತ್ರಗಳನ್ನೆಲ್ಲ ನೆರೆಹೊರೆಯವರ ಚಹರೆಯಲ್ಲಿ ಹೊಸದಾಗಿ ಬಿಡಿಸಿದವಳು ಡಿಸೈನ್ ಓದುತ್ತಿದ್ದ ಸಿತ್ಲಾಲಿ. ಅವಳ ವೆಬ್‌ಸೈಟಿನಲ್ಲಿ ಅವನ್ನು ನೋಡಿದ ಅಪರಿಚಿತರು ಹಾಡಿ ಹೊಗಳಿದ್ದರು. ಅಚ್ಚಾಗಿ ಬಂದ ಮೇಲೆ ಇದೇ ಮೊದಲ ಆಟ. ಅವಳು ಮೆಲ್ಲಗೆ ಅಮ್ಮನ ಬೆನ್ನ ಹಿಂದೆ ಸರಿದಳು.

ಅಜ್ಜಿ ಕನ್ನಡಕ ಏರಿಸಿ, ತನ್ನ ಮುಂದಿದ್ದ ಹಲಗೆಯಲ್ಲಿ ಅದೇ ಚಿತ್ರ ಹುಡುಕಿ, ಬುರುಡೆಯ ಮೇಲೊಂದು ಕಾಳಿಟ್ಟಳು. “ಲೊತೆರಿಯಾ! ಸಾಲು ತುಂಬ್ತು, ನಾನೇ ಗೆದ್ದೆ! ಏ ಸಿತ್ಲಾಲಿ, ಬಾರೇ ಇಲ್ಲಿ. ಬದುಕಿರೋವಾಗ್ಲೇ ನಂಗಿರೋದು ಮೂರು ಹಲ್ಲು. ಸತ್ತ ಮೇಲೆ ಇಷ್ಟೊಂದು ಎಲ್ಲಿಂದ ತಂದು ಜೋಡಿಸಿದ್ಯೇ?”